15ನೇ ವಿಧಾನಸಭೆಯ ಸದಸ್ಯರ ಪಟ್ಟಿಯನ್ನು ದಿನಾಂಕ ನೋಡಿ ಓದಬೇಕು

ಕರ್ನಾಟಕದ 15ನೇ ವಿಧಾನಸಭೆಯ ಸದಸ್ಯರ ಪಟ್ಟಿ ಒಂದೊಂದು ಕಡೆ ಒಂದೊಂದು ಬಗೆಯಲ್ಲಿದೆ, ಸಭಾಧ್ಯಕ್ಷರೆಂದು ಇಬ್ಬರ ಹೆಸರು ಕಾಣುತ್ತದೆ, ಇವುಗಳಲ್ಲಿ ಯಾವುದನ್ನು ಸರಿಯೆಂದು ತೆಗೆದುಕೊಳ್ಳಬೇಕು ಎಂದು ನೀವು ಕೇಳಿದ್ದೀರಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳಿಗಾಗಿ ಇದೇ ಪಟ್ಟಿಯನ್ನು ಸಿದ್ಧಪಡಿಸಲು ಕುಳಿತಾಗ ನನಗೂ ಇದೇ ತೊಡಕು ಎದುರಾಗಿತ್ತು. ನೀವು ನೋಡಿದ ಪಟ್ಟಿಗಳೆಲ್ಲವೂ ಸರಿಯಾಗಿಯೇ ಇರಬಹುದು. ಅವು ಬೇರೆ ಬೇರೆ ದಿನಗಳ ಪಟ್ಟಿಗಳು, ಅಷ್ಟೇ.

ಮೊದಲ ದಿನದ ಪಟ್ಟಿಯೇ ಪೂರ್ಣವಾಗಿರಲಿಲ್ಲ. 2018ರ ಮೇ 12ರಂದು 224 ಕ್ಷೇತ್ರಗಳ ಪೈಕಿ 222ರಲ್ಲಿ ಮಾತ್ರ ಮತದಾನ ನಡೆಯಿತು. ಅಭ್ಯರ್ಥಿಯೊಬ್ಬರ ನಿಧನದಿಂದ ಜಯನಗರದ ಚುನಾವಣೆಯೂ, ಮತದಾರರ ಗುರುತಿನ ಚೀಟಿಗಳು ರಾಶಿಯಾಗಿ ಪತ್ತೆಯಾದ್ದರಿಂದ ರಾಜರಾಜೇಶ್ವರಿನಗರದ ಚುನಾವಣೆಯೂ ಮುಂದಕ್ಕೆ ಹೋದವು. ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37 ಸ್ಥಾನಗಳು ಬಂದವು. ಬಿಎಸ್‌ಪಿ, ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಹಾಗೂ ಪಕ್ಷೇತರರಿಗೆ ಒಂದೊಂದು. ಎಚ್.ಡಿ. ಕುಮಾರಸ್ವಾಮಿಯವರು ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರಿಂದ 222 ಫಲಿತಾಂಶಗಳಿಗೆ ಇದ್ದ ಶಾಸಕರು 221 ಮಂದಿ.

ಮುಖ್ಯಮಂತ್ರಿಗಳ ಸರದಿ ನಿಮಗೆ ತಿಳಿದೇ ಇರುತ್ತದೆ. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪನವರು 19ರಂದು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ಅಂದು ಪೀಠದಲ್ಲಿದ್ದವರು ಹಂಗಾಮಿ ಸಭಾಧ್ಯಕ್ಷರಾದ ಕೆ.ಜಿ. ಬೋಪಯ್ಯನವರು. ಮೇ 23ರಂದು ಕುಮಾರಸ್ವಾಮಿಯವರು ಕಾಂಗ್ರೆಸ್‌–ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾದರು, 25ರಂದು ಕೆ.ಆರ್. ರಮೇಶ್ ಕುಮಾರ್ ಅವಿರೋಧವಾಗಿ ಸಭಾಧ್ಯಕ್ಷರಾದರು. ಅವರು 1994ರ ನಂತರದ ವಿಧಾನಸಭೆಯಲ್ಲೂ ಅದೇ ಪೀಠದಲ್ಲಿದ್ದವರು.

ಪಟ್ಟಿಯನ್ನು ನಿಜವಾಗಿ ಕಲಕಿದ್ದು 2019ರ ಜುಲೈ. ಆಡಳಿತ ಪಕ್ಷಗಳ ಶಾಸಕರು ಒಬ್ಬರ ಹಿಂದೆ ಒಬ್ಬರಂತೆ ರಾಜೀನಾಮೆ ಪತ್ರ ಕೊಟ್ಟರು. ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತದ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದವು. ಜುಲೈ 25ರಂದು 3 ಮಂದಿಯನ್ನು, 28ರಂದು 14 ಮಂದಿಯನ್ನು ಸಭಾಧ್ಯಕ್ಷರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಳಿಸಿದರು. 224ರಲ್ಲಿ 17 ಕಳೆದರೆ 207, ಅದರ ಬಹುಮತಕ್ಕೆ 104 ಸಾಕು. ಚಿಂಚೋಳಿ ಉಪಚುನಾವಣೆಯನ್ನು ಗೆದ್ದಿದ್ದ ಬಿಜೆಪಿಯ ಬಳಿ ಆಗ 105 ಮಂದಿ ಇದ್ದರು. ಜುಲೈ 26ರಂದು ಮತ್ತೆ ಮುಖ್ಯಮಂತ್ರಿಯಾದ ಯಡಿಯೂರಪ್ಪನವರು 29ರಂದು ಧ್ವನಿಮತದಿಂದ ವಿಶ್ವಾಸ ಗಳಿಸಿದರು, ಅದೇ ದಿನ ರಮೇಶ್ ಕುಮಾರ್ ರಾಜೀನಾಮೆಯಿತ್ತರು, 31ರಂದು ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಅವಿರೋಧವಾಗಿ ಆಯ್ಕೆಯಾಗಿ ಅವಧಿಯ ಕೊನೆಯವರೆಗೂ ಸಭಾಧ್ಯಕ್ಷರಾಗಿದ್ದರು. ನೀವು ಕಂಡ ಎರಡು ಹೆಸರುಗಳು ಈ ಇಬ್ಬರವೇ.

ಈ 17 ಮಂದಿಯ ವಿಷಯದಲ್ಲೇ ನನ್ನ ಪಟ್ಟಿ ಅತಿ ಹೆಚ್ಚು ಸಲ ತಪ್ಪಿತು. ಅವಧಿ ಮುಗಿಯುವವರೆಗೂ ಅವರು ಅನರ್ಹರೆಂದು ಸಭಾಧ್ಯಕ್ಷರು ಹೇಳಿದ್ದರು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅದರ ಕಾಲಾವಧಿಯನ್ನು ನಿಗದಿಪಡಿಸುವ ಅಧಿಕಾರ ಸಭಾಧ್ಯಕ್ಷರಿಗಿಲ್ಲವೆಂದು ತೀರ್ಪಿತ್ತಿತು. ಹೀಗಾಗಿ ಡಿಸೆಂಬರ್ 5ರ ಉಪಚುನಾವಣೆಗೆ ಅವರು ನಿಲ್ಲಬಹುದಾಯಿತು. 15 ಕ್ಷೇತ್ರಗಳಲ್ಲಿ ಬಿಜೆಪಿ 12, ಕಾಂಗ್ರೆಸ್ 2 ಗೆದ್ದವು. ಹೊಸಕೋಟೆಯಲ್ಲಿ ಪಕ್ಷೇತರ ಶರತ್ ಬಚ್ಚೇಗೌಡ ಗೆದ್ದರು. ಬಿಜೆಪಿಯ ಆ 12 ಮಂದಿಯಲ್ಲಿ 11 ಮಂದಿ ಅನರ್ಹಗೊಂಡಿದ್ದವರೇ. ಅಂದರೆ ಗೋಕಾಕ, ಯಲ್ಲಾಪುರ, ಚಿಕ್ಕಬಳ್ಳಾಪುರದಂಥ ಕ್ಷೇತ್ರಗಳ ಮುಂದೆ ಮೊದಲಿನ ಹೆಸರೇ ಇರುತ್ತದೆ, ಪಕ್ಷದ ಹೆಸರು ಮಾತ್ರ ಬದಲಾಗಿರುತ್ತದೆ. ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪಟ್ಟಿಗಳು ನಡುವಿನ ನಾಲ್ಕು ತಿಂಗಳು ಆ ಕ್ಷೇತ್ರಗಳಿಗೆ ಶಾಸಕರೇ ಇರಲಿಲ್ಲವೆಂಬುದನ್ನು ಮರೆಮಾಡುತ್ತವೆ, ಇದು ನನಗೆ ದೊಡ್ಡ ಲೋಪವೆನಿಸುತ್ತದೆ. ಮಸ್ಕಿಯದಂತೂ ಇನ್ನೂ ದೀರ್ಘ: 2018ರಲ್ಲಿ 213 ಮತಗಳ ಅಂತರದಿಂದ ಗೆದ್ದಿದ್ದ ಪ್ರತಾಪಗೌಡ ಪಾಟೀಲರ ಆ ಕ್ಷೇತ್ರದ ಉಪಚುನಾವಣೆ ನ್ಯಾಯಾಲಯದಲ್ಲಿದ್ದ ತಕರಾರಿನಿಂದಾಗಿ 2021ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಸುಮಾರು 21 ತಿಂಗಳು ಒಂದು ಕ್ಷೇತ್ರದ ಜನರ ಪರವಾಗಿ ಸದನದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅಲ್ಲಿ ಪಾಟೀಲರು ಬಿಜೆಪಿಯಿಂದ ನಿಂತು ಸೋತರು, ಕಾಂಗ್ರೆಸ್‌ನ ಬಸನಗೌಡ ತುರ್ವಿಹಾಳ ಗೆದ್ದರು.

ಮುಂದಕ್ಕೆ ಹೋಗಿದ್ದ ಜಯನಗರದ ಚುನಾವಣೆ ಮತ್ತು ಉಪಚುನಾವಣೆಗಳು ಇನ್ನೊಂದು ಸಂಖ್ಯೆಯನ್ನೂ ಬದಲಿಸಿದವು, ಅದನ್ನು ಗಮನಿಸಿದವರು ಕಡಿಮೆ. 2018ರ ಮೇ ತಿಂಗಳಲ್ಲಿ ಗೆದ್ದ ಮಹಿಳೆಯರು 7 ಮಂದಿ. ಜಯನಗರದಿಂದ ಸೌಮ್ಯಾ ರೆಡ್ಡಿ, ರಾಮನಗರದಿಂದ ಅನಿತಾ ಕುಮಾರಸ್ವಾಮಿ, ಕುಂದಗೋಳದಿಂದ ಕುಸುಮಾ ಶಿವಳ್ಳಿ ಬಂದ ಮೇಲೆ ಅದು 10 ಆಯಿತು.

ವಿರೋಧ ಪಕ್ಷದ ನಾಯಕರ ಸ್ಥಾನದಲ್ಲಿ ಮೈತ್ರಿ ಸರ್ಕಾರದ ಕಾಲಕ್ಕೆ ಯಡಿಯೂರಪ್ಪನವರೂ, 2019ರ ಅಕ್ಟೋಬರ್‌ನಿಂದ ಬಾದಾಮಿಯ ಶಾಸಕರಾಗಿದ್ದ ಸಿದ್ದರಾಮಯ್ಯನವರೂ ಇದ್ದರು. ಉಪ ಸಭಾಧ್ಯಕ್ಷರಾಗಿ ಮೊದಲು ಚಿಂತಾಮಣಿಯ ಜೆ.ಕೆ. ಕೃಷ್ಣಾರೆಡ್ಡಿ, 2020ರಿಂದ ಸವದತ್ತಿಯ ಆನಂದ ಮಾಮನಿ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದಾಗ ಸದನದ ಬಲಾಬಲ ಬದಲಾಗಲಿಲ್ಲ.

ನೀವು ಪಟ್ಟಿ ಮಾಡುವುದಾದರೆ ಪ್ರತಿ ಕ್ಷೇತ್ರಕ್ಕೂ ಹೆಸರು ಮತ್ತು ಪಕ್ಷದ ಜೊತೆಗೆ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಎರಡು ಕಾಲಂಗಳನ್ನು ಇಡಿ, ಖಾಲಿ ಬಿದ್ದ ಅವಧಿಗೆ ಬೇರೆಯೇ ಸಾಲು ಕೊಡಿ. 2022ರಲ್ಲಿ ಹುಕ್ಕೇರಿಯ ಶಾಸಕರಾಗಿದ್ದ ಸಚಿವ ಉಮೇಶ ಕತ್ತಿ ಮತ್ತು ಉಪ ಸಭಾಧ್ಯಕ್ಷ ಮಾಮನಿಯವರು ನಿಧನರಾದಾಗ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದುದರಿಂದ ಉಪಚುನಾವಣೆ ನಡೆಯಲಿಲ್ಲ. 2023ರ ಮೇ 10ರ ಚುನಾವಣೆ ಹತ್ತಿರವಾದಂತೆ ಇನ್ನೂ ಕೆಲವರು ರಾಜೀನಾಮೆ ಕೊಟ್ಟರು. ಆದ್ದರಿಂದ ಹುಕ್ಕೇರಿ, ಸವದತ್ತಿ ಹಾಗೂ ಹೀಗೆ ರಾಜೀನಾಮೆ ಕೊಟ್ಟವರ ಕ್ಷೇತ್ರಗಳ ಕೊನೆಯ ಸಾಲನ್ನು ‘ತೆರವು’ ಎಂದೇ ಬರೆಯಿರಿ.