ಕ್ರೂಸ್‌ನಲ್ಲಿ ಕ್ಯಾಬಿನ್ ಕಾರ್ಡ್ ಎಲ್ಲಿಟ್ಟುಕೊಳ್ಳೋದು? ಜೇಬಿಲ್ಲದವರಿಗೆ ನನ್ನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಅಪ್ಪ, ಅಮ್ಮ, ಮಗುವಿನ ಜತೆ ಮೊದಲ ಸಲ ಕ್ರೂಸ್‌ಗೆ ಹೊರಟಿದ್ದೀರಿ. ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡು ಹೊತ್ತುಹೊತ್ತಿಗೂ ಜತೆಯಲ್ಲಿರಬೇಕು ಅಂತ ಏಜೆಂಟ್ ಹೇಳಿದ್ದಾರೆ. ಕಳೆದುಹೋಗಬಾರದು, ಬೇಕೆಂದ ಕೂಡಲೇ ಕೈಗೂ ಸಿಗಬೇಕು. ಎಲ್ಲಿಟ್ಟುಕೊಳ್ಳೋದು?

ನಾನು ಇದಕ್ಕೆ ಬಾಯಿ ಹಾಕೋಕೆ ಕಾರಣ ಇದೆ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಐಡಿ ಕಾರ್ಡ್ ಅಂಗಡಿ. ಮೇ ಕೊನೆಯಿಂದ ಆಗಸ್ಟ್‌ವರೆಗೆ ಶಾಲೆ ಮಕ್ಕಳ ಕಾರ್ಡು, ಅದನ್ನು ಕುತ್ತಿಗೆಗೆ ನೇತುಹಾಕುವ ಟ್ಯಾಗು, ಹೋಲ್ಡರು ಇದರಲ್ಲೇ ಮುಳುಗಿರುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಮನೆಯವರು ಆರು ಜನ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿಬಂದೆವು. ಅದಕ್ಕೂ ಮುಂಚೆ ನಮ್ಮವರು ಹತ್ತಿದ್ದ ಅತಿ ದೊಡ್ಡ ಹಡಗು ಅಂದರೆ ಸಿಗಂದೂರಿನ ಲಾಂಚು. 2025ರ ಜುಲೈಯಲ್ಲಿ ಸೇತುವೆ ಆದಮೇಲೆ ಅದನ್ನು ಹತ್ತುವ ಕೆಲಸವೂ ಇಲ್ಲ ಬಿಡಿ. ಲಾಂಚಿನಲ್ಲಿ ಸೀರೆ ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಂಡು ಹೋದರೆ ಸಾಕಿತ್ತು. ಇಲ್ಲಿ ಹಾಗಲ್ಲ.

ಆ ಒಂದು ಕಾರ್ಡಿನ ತಲೆಮೇಲೆ ಮೂರು ಕೆಲಸ ಇರುತ್ತೆ. ಬಾಗಿಲು ತೆಗೆಯೋದು ಒಂದು. ಹಡಗಿನೊಳಗೆ ನಗದು ನಡೆಯೋದಿಲ್ಲ, ಐಸ್‌ಕ್ರೀಮ್ ತಗೊಂಡರೂ ಕಾರ್ಡ್ ಕೊಡಬೇಕು, ಲೆಕ್ಕ ನಿಮ್ಮ ಕ್ಯಾಬಿನ್ ಬಿಲ್ಲಿಗೆ ಸೇರುತ್ತೆ. ಬಂದರಿನಲ್ಲಿ ಇಳಿಯುವಾಗ, ಹತ್ತುವಾಗ ಅದನ್ನೇ ಯಂತ್ರಕ್ಕೆ ತೋರಿಸಬೇಕು. ಆಗ ಪರದೆಯಲ್ಲಿ ನಿಮ್ಮ ಫೋಟೋ ಬರುತ್ತೆ, ಕಾವಲಿನವರು ಮುಖ ನೋಡಿ ಬಿಡುತ್ತಾರೆ. ಅಪಾಯದ ಗಂಟೆ ಹೊಡೆದರೆ ನೀವು ಎಲ್ಲಿ ಸೇರಬೇಕು ಅನ್ನುವ ಜಾಗದ ಗುರುತು ಕೂಡ ಸುಮಾರು ಹಡಗುಗಳಲ್ಲಿ ಆ ಕಾರ್ಡಿನ ಮೇಲೇ ಇರುತ್ತೆ. ಹಾಗಾಗಿ ಏಜೆಂಟ್ ಹೇಳಿದ್ದು ಸರಿ.

ಪ್ಯಾಂಟು ಹಾಕುವವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಮುಂದಿನ ಜೇಬಿಗೆ ಹಾಕಿದರೆ ಮುಗಿಯಿತು. ಕಷ್ಟ ಬರೋದು ಜೇಬಿಲ್ಲದ ಬಟ್ಟೆಗೆ. ಸೀರೆ, ನೈಟಿ, ಪಂಚೆ, ಈಜುವ ಚಡ್ಡಿ, ಮಕ್ಕಳ ಫ್ರಾಕು. ಹಡಗಿಗೆ ಹೋಗುವ ಅರ್ಧ ಬಟ್ಟೆ ಇವೇ ಅಲ್ವಾ? ಅದಕ್ಕೇ ಮನೆಯ ಎಲ್ಲರಿಗೂ ಒಂದೇ ತರದ ಟ್ಯಾಗ್ ಕೊಡಿಸುವ ಐಡಿಯಾ ಬಿಟ್ಟುಬಿಡಿ. ನಾನು ಅದನ್ನೇ ಮಾಡಿ ಪೆಟ್ಟು ತಿಂದೆ. ಆರು ಜನಕ್ಕೂ ನಮ್ಮ ಅಂಗಡಿಯ 16 ಎಂಎಂ ನೀಲಿ ಟ್ಯಾಗು, ಒಂದೊಂದು ಹೋಲ್ಡರು. ಅಮ್ಮ ಕೈಗೂ ತಗೊಳ್ಳಲಿಲ್ಲ. "ಒಳ್ಳೇ ಶಾಲೆ ಮಕ್ಕಳ ಹಾಗೆ ಕುತ್ತಿಗೆಗೆ ಕಟ್ಕೊಂಡು ಫೋಟೋ ತೆಗೆಸ್ಕೊಳ್ಳಬೇಕೇನೋ?" ಅಂದರು.

ಮೊದಲು ನಿಮಗೆ ಸಿಕ್ಕ ಕಾರ್ಡು ಯಾವ ಜಾತಿಯದು ನೋಡಿಕೊಳ್ಳಿ. ಹಿಂದುಗಡೆ ಕಪ್ಪೋ ಕಂದೋ ಬಣ್ಣದ ಪಟ್ಟಿ ಇದ್ದು, ಬಾಗಿಲಿನ ಸಂದಿಗೆ ತೂರಿಸಿ ತೆಗೆಯೋದಾದರೆ ಅದು ಅಯಸ್ಕಾಂತದ ಪಟ್ಟಿಯ ಕಾರ್ಡು. ಬಾಗಿಲ ಹತ್ತಿರ ಹಿಡಿದರೆ ಸಾಕು, ಹಸಿರು ದೀಪ ಬರುತ್ತೆ ಅಂದರೆ ಒಳಗೆ ಚಿಪ್ ಇರುವ ಕಾರ್ಡು. ಎರಡರ ಅಳತೆಯೂ ಸಾಮಾನ್ಯವಾಗಿ ಎಟಿಎಂ ಕಾರ್ಡಿನದೇ, 85.6 ಗುಣಿಸು 54 ಮಿಲಿಮೀಟರ್. ಊರಿನ ಯಾವ ಐಡಿ ಕಾರ್ಡ್ ಅಂಗಡಿಯ ಹೋಲ್ಡರ್‌ಗೂ ಕೂರುತ್ತೆ. ಆದರೆ ಎರಡರ ಕಾಯಿಲೆ ಬೇರೆ ಬೇರೆ.

ನಮಗೆ ಸಿಕ್ಕಿದ್ದು ಪಟ್ಟಿಯ ಕಾರ್ಡು. ಅಪ್ಪ ಪಂಚೆ, ಮೇಲೊಂದು ಬಿಳಿ ಅಂಗಿ. ಆ ಅಂಗಿಯ ಒಂದೇ ಜೇಬಿನಲ್ಲಿ ಕನ್ನಡಕ, ಪೆನ್ನು, ಅಡಿಕೆ ಲೆಕ್ಕದ ಸಣ್ಣ ಡೈರಿ, ಪುಸ್ತಕದ ಹಾಗೆ ಮಡಚುವ ಕವರಿನ ಮೊಬೈಲು. ಕಾರ್ಡನ್ನೂ ಅಲ್ಲೇ ತುರುಕಿದರು. ಸಂಜೆ ಬಾಗಿಲಿಗೆ ಹಾಕಿದರೆ ಕೆಂಪು ದೀಪ. ರಿಸೆಪ್ಷನ್‌ನಲ್ಲಿ ಸರಿಮಾಡಿ ಕೊಟ್ಟರು. ಬೆಳಿಗ್ಗೆ ಮತ್ತೆ ಕೆಂಪು. ಮೊಬೈಲ್ ಕವರ್ ಮುಚ್ಚಿಕೊಳ್ಳೋಕೆ ಅಂತ ಅದರಲ್ಲಿ ಅಯಸ್ಕಾಂತ ಇರುತ್ತೆ ನೋಡಿ, ಅದರದ್ದೇ ಕೆಲಸ. ಬ್ಯಾಂಕ್ ಕಾರ್ಡಿನ ಪಟ್ಟಿ ಗಟ್ಟಿಗಿತ್ತಿ, ಅದನ್ನು ಅಳಿಸೋಕೆ 2750 ಓರ್ಸ್ಟೆಡ್‌ನಷ್ಟು (ಅಯಸ್ಕಾಂತದ ಬಲ ಅಳೆಯುವ ಲೆಕ್ಕ ಅದು) ಬಲ ಬೇಕು. ಮತ್ತೆ ಮತ್ತೆ ಅಳಿಸಿ ಬರೆಯುವ ಹೋಟೆಲ್ ಕೀ ತರದ ಪಟ್ಟಿಗೆ 300ರ ಆಸುಪಾಸು ಸಾಕು. ಅಪ್ಪನಿಗೆ ವಿವರಿಸಿ ಹೇಳಿದೆ. ಸರಿ ಅಂತ ಕಾರ್ಡನ್ನು ಪರ್ಸಿಗೆ ಹಾಕಿದರು. ಪರ್ಸನ್ನು ಅದೇ ಜೇಬಿಗೆ ಹಾಕಿದರು. ಮೂರನೇ ಸಲ ರಿಸೆಪ್ಷನ್‌ಗೆ ಹೋದಾಗ ಆ ಹುಡುಗಿ ನಮ್ಮನ್ನು ನೋಡಿದ ಕೂಡಲೇ ನಗೋಕೆ ಶುರು ಮಾಡಿದಳು.

ಅಂಗಿ ಜೇಬಿಗೆ ಇನ್ನೊಂದು ದೋಷ ಇದೆ. ಕಟಕಟೆ ಹಿಡಿದು ಕೆಳಗೆ ನೀರು ನೋಡೋಕೆ ಬಗ್ಗಿದರೆ ಒಳಗಿದ್ದದ್ದು ಸಮುದ್ರಕ್ಕೆ. ಅಪ್ಪನ ಪೆನ್ನು ಹೋಗಿದ್ದು ಹಾಗೇ. ಕಾರ್ಡು ಹೋಗಲಿಲ್ಲ, ಪುಣ್ಯ.

ಚಿಪ್ಪಿನ ಕಾರ್ಡಿಗೆ ಅಯಸ್ಕಾಂತದ ಹೆದರಿಕೆ ಇಲ್ಲ. ಅದರ ಶತ್ರು ತೂತು. ಕಾರ್ಡಿನೊಳಗೆ, ಸಾಮಾನ್ಯವಾಗಿ ಅಂಚಿನ ಗುಂಟ, ಕೂದಲೆಳೆಯಂಥ ತಾಮ್ರದ ತಂತಿ ನಾಲ್ಕಾರು ಸುತ್ತು ಬಂದಿರುತ್ತೆ. ಚಿಪ್ಪಿಗೆ ಬೇಕಾದ ಕರೆಂಟು ಸಿಗೋದೇ ಆ ಸುತ್ತಿನಿಂದ. ಒಂದು ಕಡೆ ತುಂಡಾದರೆ ಕಾರ್ಡು ಸತ್ತ ಹಾಗೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಕೆಲವು ವರ್ಷದ ಹಿಂದೆ ಒಬ್ಬರು ಆಫೀಸಿನ ಕಾರ್ಡು ತಂದು, "ಟ್ಯಾಗ್ ಹಾಕೋಕೆ ಒಂದು ತೂತು ಮಾಡಿ ಕೊಡಿ" ಅಂದರು. ಸ್ಲಾಟ್ ಪಂಚ್ ತಗೊಂಡು ಒಂದೇ ಏಟಿಗೆ ಒತ್ತಿಕೊಟ್ಟೆ. ಬಿದ್ದ ಚೂರಿನ ಅಂಚಿನಲ್ಲಿ ಏನೋ ಮಿಣಿಮಿಣಿ ಅಂತು, ಗಮನ ಕೊಡಲಿಲ್ಲ. ಸೋಮವಾರ ಬೆಂಗಳೂರಿನಿಂದ ಫೋನು, ಗೇಟು ತೆರೆಯುತ್ತಿಲ್ಲ. ಹೊಸ ಕಾರ್ಡಿನ ದುಡ್ಡು ನಾನೇ ಕೊಟ್ಟೆ. ಈಗ ಯಾರು ತಂದರೂ ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಇಟ್ಟು ನೋಡುತ್ತೇನೆ. ಬಿಳಿ ಕಾರ್ಡಾದರೆ ತಂತಿಯ ಗೆರೆ ಕಾಣುತ್ತೆ. ಕಾಣದಿದ್ದರೆ ತೂತು ಇಲ್ಲ, ಹೋಲ್ಡರ್ ಅಷ್ಟೇ. ಹಡಗಿನ ಕಾರ್ಡಿಗೆ ತೂತು ಬೇಕೇ ಬೇಕು ಅಂದರೆ ರಿಸೆಪ್ಷನ್‌ನಲ್ಲಿ ಕೇಳಿ. ಎಷ್ಟೋ ಹಡಗುಗಳಲ್ಲಿ ಅವರೇ ಮಾಡಿಕೊಡುತ್ತಾರೆ, ಎಲ್ಲಿ ಒತ್ತಬೇಕು ಅನ್ನೋದು ಅವರಿಗೆ ಗೊತ್ತು.

ಹೋಲ್ಡರ್ ಆರಿಸುವಾಗಲೂ ಈ ಜಾತಿ ಲೆಕ್ಕ ಬೇಕು. ಚಿಪ್ ಕಾರ್ಡಾದರೆ ಮೆತ್ತನೆಯ ಪ್ಲಾಸ್ಟಿಕ್ ಪೌಚ್, ಜಿಪ್ ಇರುವುದು. ಹೊರಗೆ ತೆಗೆಯದೆ ಹಾಗೇ ಬಾಗಿಲಿಗೆ ಹಿಡಿಯಬಹುದು. ಪಟ್ಟಿ ಕಾರ್ಡನ್ನು ಪ್ರತಿ ಸಲ ಹೊರಗೆ ಎಳೆಯಬೇಕಲ್ಲ, ಅದಕ್ಕೆ ಗಟ್ಟಿ ಹೋಲ್ಡರೇ ಸರಿ, ಹೆಬ್ಬೆರಳಿನಿಂದ ತಳ್ಳೋಕೆ ಮಧ್ಯೆ ಗುಳಿ ಇರುತ್ತಲ್ಲ, ಅಂಥದ್ದು. ಆ ಮೆತ್ತನೆಯ ಪೌಚಿಗೆ ಸೆಖೆಯಲ್ಲಿ ಕಾರ್ಡು ಅಂಟಿಕೊಂಡುಬಿಡುತ್ತೆ. ನನ್ನ ಹೆಂಡತಿ ಹೇರ್‌ಪಿನ್ ಹಾಕಿ ಕಿತ್ತಿದ್ದು ನೋಡಿದ್ದೇನೆ. ಅವಳು ಎರಡನೇ ದಿನಕ್ಕೆ ಅದನ್ನು ಬಿಟ್ಟು ತನ್ನ ಅಡ್ಡ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡಳು, ಚೆನ್ನಾಗಿಯೇ ನಡೆಯಿತು. ಚಿಪ್ಪಿನೊಳಗಿನ ಮಾಹಿತಿ ಯಾರೂ ಕದ್ದು ಓದದ ಹಾಗೆ ತಡೆಯುವ ಪೌಚ್ ಅಂತ ಒಂದು ಬರುತ್ತೆ, ನಾನೂ ಮಾರುತ್ತೇನೆ. ಇದಕ್ಕೆ ಬೇಡ. ಅದರೊಳಗಿಟ್ಟರೆ ಬಾಗಿಲಿಗೂ ಓದೋಕೆ ಆಗೋದಿಲ್ಲ. ಇನ್ನು ಮೊಬೈಲ್ ಹಿಂದಿನ ಕವರಿನಲ್ಲಿ ಎಟಿಎಂ ಕಾರ್ಡಿನ ಜತೆ ಇದನ್ನೂ ತುರುಕುವವರಿಗೆ ಒಂದು ಮಾತು. ಎರಡೂ ಚಿಪ್ ಕಾರ್ಡಾದರೆ ಬಾಗಿಲಿನ ಯಂತ್ರಕ್ಕೆ ಯಾರ ಮಾತು ಕೇಳೋದು ಅಂತ ಗಲಿಬಿಲಿ ಆಗುತ್ತೆ. ಕ್ಯಾಬಿನ್ ಕಾರ್ಡೊಂದನ್ನೇ ಹೊರಗೆ ತೆಗೆದು ತೋರಿಸಿ.

ಈಗ ನಿಮ್ಮ ಅಮ್ಮನ ವಿಷಯ. ಅವರು ಸೀರೆ ಉಡುವವರಾದರೆ ನನ್ನ ಅಮ್ಮನೇ ಕಂಡುಹಿಡಿದದ್ದು ಹೇಳುತ್ತೇನೆ. ನಮ್ಮ ಕಡೆ ಬೀಗದ ಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಅಮ್ಮನದು ಬೆಳ್ಳಿಯದು, ಮೇಲೆ ಅಗಲ ಕೊಕ್ಕೆ. ಹಡಗಿಗೂ ತಂದಿದ್ದರು, ಮನೆ ಬೀರುವಿನ ಕೈ ಬಿಟ್ಟು ಬರೋಕೆ ಮನಸ್ಸಾಗಿರಲಿಲ್ಲವಂತೆ. ನನ್ನ ಬ್ಯಾಗಿನಲ್ಲಿ ಒಂದು ಯೋಯೋ ಇತ್ತು. ಯೋಯೋ ಅಂದರೆ ಆಫೀಸಿನವರು ಸೊಂಟಕ್ಕೆ ಹಾಕುವ ದುಂಡನೆಯ ಡಬ್ಬಿ, ಎಳೆದರೆ ಎರಡಡಿ ದಾರ ಬರುತ್ತೆ, ಬಿಟ್ಟರೆ ಸರ್ರನೆ ಒಳಗೆ ಹೋಗುತ್ತೆ. ಅಮ್ಮ ಅದನ್ನು ಆ ಕೊಕ್ಕೆಗೆ ಸಿಕ್ಕಿಸಿ ಸೊಂಟದಲ್ಲಿ ಕೂರಿಸಿದರು. ಮೇಲೆ ಸೆರಗು. ಹೊರಗಿನವರಿಗೆ ಏನೂ ಕಾಣೋದಿಲ್ಲ. ಬಾಗಿಲ ಹತ್ತಿರ ಬಂದು ಸೆರಗಿನ ಅಡಿಯಿಂದ ಕಾರ್ಡು ಎಳೆದು, ತೂರಿಸಿ, ಹಸಿರು ದೀಪ ಬಂದ ಕೂಡಲೇ ಬಿಟ್ಟುಬಿಡೋದು. ಟಕ್ ಅಂತ ಒಳಗೆ. ಪಕ್ಕದ ಕ್ಯಾಬಿನ್‌ನ ಗುಜರಾತಿ ಅಜ್ಜಿ ನಿಂತು ನೋಡಿ, ಎಲ್ಲಿ ಸಿಗುತ್ತೆ ಅಂತ ಕೈಸನ್ನೆಯಲ್ಲೇ ಕೇಳಿದರು. ತೀರಾ ಅಗ್ಗದ ಯೋಯೋ ಮಾತ್ರ ತಗೋಬೇಡಿ, ಎರಡೇ ದಿನಕ್ಕೆ ಸ್ಪ್ರಿಂಗ್ ಸೋತು ದಾರ ಜೋತುಬೀಳುತ್ತೆ. ಬೆಳ್ಳಿ ಗೊಂಚಲು ಇಲ್ಲದಿದ್ದರೆ ಎರಡು ದಪ್ಪ ಪಿನ್ನು ಸಾಕು.

ದೊಡ್ಡಪ್ಪನ ದಾರಿಯೂ ಹೇಳಿಬಿಡುತ್ತೇನೆ. ಅವರು ಹೋಲ್ಡರನ್ನು ಜನಿವಾರಕ್ಕೆ ಕಟ್ಟಿದರು. ತಿಜೋರಿ ಬೀಗದ ಕೈ ಐವತ್ತು ವರ್ಷ ಅಲ್ಲೇ ಇದ್ದದ್ದು, ಕಾರ್ಡಿಗೇನು ಅಂದರು. ಹೊಸ ಕಾರ್ಡು ಕೇಳೋಕೆ ಹೋಗದವರು ನಮ್ಮಲ್ಲಿ ಅವರೊಬ್ಬರೇ, ಸ್ನಾನಕ್ಕೆ ಹೋದರೂ ಮೈಮೇಲೇ ಇರುತ್ತಿತ್ತು. ಆದರೆ ಒಂದು ಲೈಮ್ ಸೋಡಾ ತಗೊಳ್ಳೋಕೂ ಅಂಗಿಯ ಮೂರು ಗುಂಡಿ ಬಿಚ್ಚಬೇಕು. ಬಾರಿನ ಹುಡುಗ ಮೊದಲ ಸಲ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದ. ನಿಮ್ಮ ತಂದೆಗೆ ಜನಿವಾರ ಇಲ್ಲದಿದ್ದರೆ ಪಂಚೆಯ ಬೆಲ್ಟಿನ ಜೇಬು ಆಗುತ್ತೆ. ಹಸಿರೋ ಕಾಫಿ ಬಣ್ಣದ್ದೋ ಅಗಲ ಬೆಲ್ಟು, ಮುಂದೆ ಒಂದು ಜೇಬು, ಸಂತೆಗೆ ಹೋಗುವವರು ದುಡ್ಡು ಇಡೋದು. ಅದರಷ್ಟು ಭದ್ರ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಕ್ಕಳಿಗೆ ಟ್ಯಾಗೇ ಸರಿ, ಆದರೆ ಕುತ್ತಿಗೆಯ ಹಿಂದೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇರುವ ಟ್ಯಾಗೇ ಕೊಡಿಸಿ. ಓಡುವಾಗ, ಜಾರುಬಂಡಿ ಹತ್ತುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಅದು ತಾನೇ ಬಿಚ್ಚಿಕೊಳ್ಳಬೇಕು. ಇದರಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ಹೋಗಬೇಡಿ. ಶಾಲೆಗಳಿಗೂ ನಾನು ಇದನ್ನೇ ಹೇಳೋದು, ಕೇಳುವವರು ಕಡಿಮೆ.

ಈಜುಕೊಳಕ್ಕೆ ಇಳಿಯುವಾಗ ಟೆಲಿಫೋನ್ ವೈರಿನ ಹಾಗೆ ಸುರುಳಿ ಇರುವ ಪ್ಲಾಸ್ಟಿಕ್ ಬಳೆ ಬರುತ್ತೆ, ಮಣಿಕಟ್ಟಿಗೆ ಹಾಕಿಕೊಂಡರೆ ಆಯಿತು. ನೀರು ತಾಗಿದರೆ ಕಾರ್ಡಿಗೆ ಏನೂ ಆಗೋದಿಲ್ಲ, ಅದು ಪ್ಲಾಸ್ಟಿಕ್ಕು. ಮೊಬೈಲೂ ಜತೆಗಿದ್ದರೆ ಮಾತ್ರ ಮಳೆಗಾಲದಲ್ಲಿ ನಾವು ಬೈಕಿನಲ್ಲಿ ಹೋಗುವಾಗ ಹಾಕುವ ಪಾರದರ್ಶಕ ಪೌಚ್ ಇದೆಯಲ್ಲ, ಅದು. ಆಗುಂಬೆ ಮಳೆ ತಡೆದದ್ದು ಈಜುಕೊಳದ ಎರಚಲು ತಡೆಯೋದಿಲ್ವಾ? ಕುರ್ಚಿ ಮೇಲೆ ಟವೆಲ್ಲಿನ ಅಡಿ ಬಚ್ಚಿಟ್ಟು ಮಾತ್ರ ಹೋಗಬೇಡಿ. ಎಲ್ಲರೂ ಅಲ್ಲೇ ಬಚ್ಚಿಡೋದು, ತೆಗೆಯುವವರಿಗೂ ಅದು ಗೊತ್ತು.

ಕ್ಯಾಬಿನ್ ಗೋಡೆ ಹೆಚ್ಚಿನ ಹಡಗುಗಳಲ್ಲಿ ಕಬ್ಬಿಣದ ತಗಡಿನದು. ಅಯಸ್ಕಾಂತದ ಕೊಕ್ಕೆ ಒಂದು ಒಯ್ದರೆ ಬಾಗಿಲ ಪಕ್ಕ ಅಂಟಿಸಿ ಟ್ಯಾಗುಗಳನ್ನೆಲ್ಲ ಅಲ್ಲೇ ನೇತುಹಾಕಬಹುದು, ಹೊರಡುವಾಗ ಮರೆಯೋದಿಲ್ಲ. ಟ್ಯಾಗನ್ನು ಕೊಕ್ಕೆಗೆ ಹಾಕಿ, ಕಾರ್ಡು ಕೆಳಗೆ ದೂರದಲ್ಲಿ ತೂಗಲಿ. ಇಲ್ಲದಿದ್ದರೆ ಅಪ್ಪನ ಕತೆಯೇ.

ಕಾರ್ಡಿನ ಮೇಲೆ ಸಾಮಾನ್ಯವಾಗಿ ಕ್ಯಾಬಿನ್ ನಂಬರ್ ಅಚ್ಚು ಹಾಕಿರೋದಿಲ್ಲ, ಬೇಕೆಂದೇ. ಮರೆಯುತ್ತೆ ಅಂತ ಹೋಲ್ಡರ್ ಮೇಲೆ ಮಾರ್ಕರ್‌ನಲ್ಲಿ ಬರೆಯಬೇಡಿ. ಬಾಗಿಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾರ್ಡು ಕಳೆದರೆ ಹುಡುಕುತ್ತಾ ಕೂರದೆ ಮೊದಲು ರಿಸೆಪ್ಷನ್‌ಗೆ ಹೋಗಿ ಹೇಳಿ, ಹಳೆಯದನ್ನು ರದ್ದು ಮಾಡಿ ಹೊಸದು ಕೊಡುತ್ತಾರೆ. ತಡ ಮಾಡಿದರೆ ಸಿಕ್ಕವರು ನಿಮ್ಮ ಲೆಕ್ಕದಲ್ಲಿ ಕುಡಿದಾರು. ಬಂದರಿನಲ್ಲಿ ಇಳಿಯುವ ದಿನ ಕಾರ್ಡಿನ ಜತೆ ಆಧಾರ್ ಕೂಡ ಇರಲಿ.

ಅಂದಹಾಗೆ ಎಲ್ಲ ಹಡಗಿನಲ್ಲೂ ಈ ಕಾರ್ಡಿನ ರಗಳೆ ಇಲ್ಲ. ಪ್ರಿನ್ಸೆಸ್ ಕಂಪನಿಯವರು 2017ರಿಂದ ನಾಣ್ಯದಂಥ ಮೆಡಾಲಿಯನ್ ಕೊಡೋಕೆ ಶುರು ಮಾಡಿದರು, ಬಾಗಿಲ ಹತ್ತಿರ ಹೋದರೆ ಸಾಕು ತೆರೆಯುತ್ತೆ. ಅಂಥದ್ದು ಸಿಕ್ಕರೆ ಅದನ್ನು ಕುತ್ತಿಗೆಗೋ ಕೈಗೋ ಹಾಕಿಕೊಳ್ಳಿ, ನಾನು ಬರೆದ ಅರ್ಧ ಮಾತು ನಿಮಗೆ ಬೇಡ.

ಹೊರಡೋ ಮುಂಚೆ ನಿಮ್ಮ ಊರಿನ ಐಡಿ ಕಾರ್ಡ್ ಅಂಗಡಿಗೆ ಒಂದು ಸಲ ಹೋಗಿ. ಎರಡು ಗಟ್ಟಿ ಹೋಲ್ಡರು, ಎರಡು ಜಿಪ್ ಪೌಚು, ಮಗುವಿಗೆ ಕ್ಲಿಪ್ ಟ್ಯಾಗು, ಅಮ್ಮನಿಗೆ ಒಂದು ಒಳ್ಳೆಯ ಯೋಯೋ. ಅಂಗಡಿಯಲ್ಲಿ "ಯೋಯೋ" ಅಂತಲೇ ಕೇಳಿ, ತಕ್ಷಣ ಕೊಡುತ್ತಾರೆ. ನನ್ನ ಅಮ್ಮ ಅವರದನ್ನು ವಾಪಸ್ ಕೊಡಲೇ ಇಲ್ಲ. ಈಗ ಅದರಲ್ಲಿ ಬೀರುವಿನ ಕೈ ಇದೆ. ಮೊನ್ನೆ ದಾರ ಸವೆದಿದೆ, ಬೇರೆ ತಂದುಕೊಡು ಅಂದರು.