ಗ್ಯಾಸ್ ಕಟಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಭೋಸರಿ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಶುರುಮಾಡುತ್ತಿದ್ದೇನೆ. 6ರಿಂದ 25 ಎಂ.ಎಂ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪ್ಲೇಟು, ಆ್ಯಂಗಲ್, ಚಾನೆಲ್ ಕತ್ತರಿಸುವ ಕೆಲಸ. ಡಿ.ಎ. ಗ್ಯಾಸ್ (ಸಿಲಿಂಡರಿನಲ್ಲಿ ಕರಗಿಸಿಟ್ಟ ಅಸಿಟಿಲೀನ್) ತರಲೋ, ಎಲ್.ಪಿ.ಜಿ. ಸಾಕೋ? ಎಂಥ ಕಟಿಂಗ್ ಟಾರ್ಚ್ ಕೊಳ್ಳಲಿ?
(ಓದುಗರು, ಪುಣೆ)

ಉತ್ತರ: ಮೊದಲು ಗ್ಯಾಸ್ ಯಾವುದೆಂದು ತೀರ್ಮಾನಿಸಿ, ಆಮೇಲೆ ನಾಝಲ್ (ಟಾರ್ಚಿನ ತುದಿಗೆ ಹಾಕುವ, ತೂತುಗಳಿರುವ ಮೂತಿ), ಕೊನೆಗೆ ಟಾರ್ಚ್. ಬಹಳ ಮಂದಿ ಟಾರ್ಚ್ ಕೊಂಡು ತಂದಮೇಲೆ ಉಳಿದದ್ದನ್ನು ಯೋಚಿಸುತ್ತಾರೆ. ಜ್ವಾಲೆಯ ಕೆಲಸ ಉಕ್ಕನ್ನು ಸುಮಾರು 900 ಡಿಗ್ರಿಗೆ, ಅಂದರೆ ಕೆಂಪಗೆ ಹೊಳೆಯುವ ತನಕ ಕಾಯಿಸುವುದಷ್ಟೇ. ಅಲ್ಲಿಂದ ಮುಂದೆ ನಾಝಲ್ ನಡುವಿನ ತೂತಿನಿಂದ ನುಗ್ಗುವ ಆಕ್ಸಿಜನ್ ಕಬ್ಬಿಣವನ್ನೇ ಸುಟ್ಟು, ಸುಟ್ಟದ್ದನ್ನು ಕೆಳಕ್ಕೆ ಊದಿಬಿಡುತ್ತದೆ. ಹಾಗಾಗಿ ಕಟ್ ಚೆನ್ನಾಗಿ ಬರುವುದೂ ಕೆಡುವುದೂ ಹೆಚ್ಚಾಗಿ ಆ ನಡುವಿನ ಧಾರೆಯಿಂದಲೇ.

ನಿಮ್ಮದು ಬರೀ ಕಟಿಂಗ್ ಆಗಿದ್ದರೆ ಎಲ್.ಪಿ.ಜಿ. ಸಾಕು, ಖರ್ಚೂ ಕಡಿಮೆ. ಲೆಕ್ಕ ಹಾಕುವಾಗ ಒಂದು ವಿಷಯ ಮರೆಯಬೇಡಿ: ಅಸಿಟಿಲೀನ್ ಜ್ವಾಲೆಗೆ ಗ್ಯಾಸಿನ ಒಂದು ಪಾಲಿಗೆ ಒಂದಕ್ಕಿಂತ ತುಸು ಹೆಚ್ಚು ಆಕ್ಸಿಜನ್ ಸಾಕಾದರೆ, ಎಲ್.ಪಿ.ಜಿ.ಗೆ ಸುಮಾರು ನಾಲ್ಕು ಪಾಲು ಬೇಕು. ಆಕ್ಸಿಜನ್ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಎಲ್.ಪಿ.ಜಿ.ಯಲ್ಲಿ ಪ್ಲೇಟು ಕಾಯುವುದೂ ನಿಧಾನ. ಉದ್ದ ಕಟ್ ಇದ್ದರೆ ಅದು ಗೊತ್ತಾಗುವುದಿಲ್ಲ. ದಿನವಿಡೀ ಆ್ಯಂಗಲ್ ತುಂಡರಿಸುವುದು, ಪ್ಲೇಟಿನ ನಡುವೆ ತೂತು ಹೊಡೆಯುವುದು ಅಂತಾದರೆ ಡಿ.ಎ.ಯೇ ವಾಸಿ. ಗ್ಯಾಸ್ ವೆಲ್ಡಿಂಗ್ ಕೂಡ ಮಾಡುವವರಿಗಂತೂ ಡಿ.ಎ. ಬಿಟ್ಟು ಬೇರೆ ದಾರಿಯಿಲ್ಲ. ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಗುಂಡಿ, ಚರಂಡಿಗಳಲ್ಲಿ ನಿಲ್ಲುತ್ತದೆ. ಶೆಡ್‌ನಲ್ಲಿ ಗುಂಡಿಯಿದ್ದರೆ ಸಿಲಿಂಡರನ್ನು ಅದರ ಹತ್ತಿರ ಇಡಬೇಡಿ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಶೆಡ್‌ಗೆ ತರುವುದು ಕಾನೂನುಬಾಹಿರ, 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರನ್ನೇ ತನ್ನಿ.

ಎರಡು ಗ್ಯಾಸಿಗೆ ನಾಝಲ್ ಬೇರೆ ಬೇರೆ. ಡಿ.ಎ. ನಾಝಲ್ ಒಂದೇ ತಾಮ್ರದ ತುಂಡು, ನಡುವಿನ ತೂತಿನ ಸುತ್ತ ಸಣ್ಣ ತೂತುಗಳು. ಎಲ್.ಪಿ.ಜಿ.ಯದು ಎರಡು ತುಂಡು, ಒಳಗಿನ ಹಿತ್ತಾಳೆ ತುಂಡಿನ ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಜ್ವಾಲೆ ನಿಲ್ಲುವುದಿಲ್ಲ, ಇಲ್ಲವೇ ಒಳಕ್ಕೆ ಹೊಡೆಯುತ್ತದೆ. ಡಿ.ಎ. ನಾಝಲ್‌ನಲ್ಲಿ 6 ಎಂ.ಎಂ.ಗೆ 1/32 ಇಂಚು, 12 ಎಂ.ಎಂ.ಗೆ 3/64, 25 ಎಂ.ಎಂ.ಗೆ 1/16 ಸಾಮಾನ್ಯ. ಆಕ್ಸಿಜನ್ ಒತ್ತಡ ಕ್ರಮವಾಗಿ 1.5, 2, 3 ಕೆ.ಜಿ. (ಚದರ ಸೆಂಟಿಮೀಟರಿಗೆ) ಸುತ್ತಮುತ್ತ. ಅಸಿಟಿಲೀನ್ 0.2 ಕೆ.ಜಿ. ಆಸುಪಾಸು ಸಾಕು. ಅದನ್ನು 1 ಕೆ.ಜಿ. ದಾಟಿಸಲೇಬೇಡಿ, ಆ ಒತ್ತಡದ ಮೇಲೆ ಅಸಿಟಿಲೀನ್ ಆಕ್ಸಿಜನ್ನಿನ ಹಂಗಿಲ್ಲದೆ ತಾನಾಗಿ ಒಡೆದು ಸ್ಫೋಟಿಸಬಲ್ಲದು. ನಾಝಲ್ ತಯಾರಕರ ಚಾರ್ಟ್ ಬೇರೆ ಅಂಕಿ ಹೇಳಿದರೆ ಚಾರ್ಟೇ ಪ್ರಮಾಣ.

ಟಾರ್ಚ್ ಮಟ್ಟಿಗೆ, ಎರಡೂ ಗ್ಯಾಸು ನಾಝಲ್‌ನೊಳಗೇ ಬೆರೆಯುವ ನಾಝಲ್-ಮಿಕ್ಸ್ ಬಗೆಯದು ಕೊಳ್ಳಿ. ಮುಂಬೈಯ ನಾಗದೇವಿ ಸ್ಟ್ರೀಟ್‌ಗೆ ಹೋದರೆ ಅಗ್ಗದವು ರಾಶಿ ರಾಶಿ ಸಿಗುತ್ತವೆ. ಕೈಗೆತ್ತಿಕೊಂಡು ತಲೆಯೊಳಗೆ ನಾಝಲ್ ಕೂರುವ ಜಾಗ ನೋಡಿ. ಅಲ್ಲಿ ಗೀರು ಕಂಡರೆ ಬೇಡ. ಕಟಿಂಗ್ ಆಕ್ಸಿಜನ್ ಬಿಡುವ ಲಿವರನ್ನು ಒತ್ತಿ ಬಿಟ್ಟರೆ ಸಿಕ್ಕಿಕೊಳ್ಳದೆ ಹಿಂದಕ್ಕೆ ಬರಬೇಕು. ಉಳಿಸಿದ ಹಣದಲ್ಲಿ, ಅಥವಾ ಸಾಲ ಮಾಡಿಯಾದರೂ, ಎರಡೂ ರೆಗ್ಯುಲೇಟರಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಹಿಂದಕ್ಕೆ ನುಗ್ಗುವ ಬೆಂಕಿಯನ್ನು ತಡೆಯುವ ಸಾಧನ), ಟಾರ್ಚ್ ಕಡೆ ಎರಡು ಎನ್.ಆರ್.ವಿ. (ಗ್ಯಾಸನ್ನು ಹಿಂದಕ್ಕೆ ಹರಿಯಗೊಡದ ವಾಲ್ವ್) ಹಾಕಿಸಿ. ಆಕ್ಸಿಜನ್ನಿಗೆ ನೀಲಿ, ಡಿ.ಎ.ಗೆ ಕೆಂಪು ಹೋಸು. ಎಲ್.ಪಿ.ಜಿ.ಗೆ ಅದಕ್ಕೆಂದೇ ಮಾಡಿದ ಹೋಸೇ ಬೇಕು, ಬೇರೆ ರಬ್ಬರನ್ನು ಅದು ತಿಂದುಹಾಕುತ್ತದೆ.

ಪ್ರಶ್ನೆ: ದಾರುಖಾನಾದಲ್ಲಿ ಹಳೆಯ ಹಡಗಿನ 20 ಎಂ.ಎಂ. ಪ್ಲೇಟು ಕತ್ತರಿಸುತ್ತೇವೆ. ಮೇಲಿನ ಅಂಚು ಕರಗಿ ದುಂಡಗಾಗುತ್ತದೆ, ಕೆಳಗೆ ಸ್ಲ್ಯಾಗ್ (ಸುಟ್ಟು ಕರಗಿದ ಕಬ್ಬಿಣದ ಕಿಟ್ಟ) ಅಂಟಿಕೊಂಡು ತುಂಡು ಬಿಡುವುದೇ ಇಲ್ಲ. ಒತ್ತಡ ಏರಿಸಿದರೂ ಅಷ್ಟೇ.
(ಓದುಗರು, ಮುಂಬೈ)

ಉತ್ತರ: ಒತ್ತಡ ಏರಿಸುವುದನ್ನು ನಿಲ್ಲಿಸಿ. ನಡುವಿನ ತೂತು ಕೊಳೆಯಾಗಿದ್ದರೆ ಒತ್ತಡ ಹೆಚ್ಚಾದಷ್ಟೂ ಧಾರೆ ಕೆದರುತ್ತದೆ. ಜ್ವಾಲೆ ಹೊತ್ತಿಸಿ, ಗಾಳಿಯಲ್ಲಿ ಲಿವರ್ ಒತ್ತಿ ಪಕ್ಕದಿಂದ ನೋಡಿ. ಜ್ವಾಲೆಯ ನಡುವೆ ಆಕ್ಸಿಜನ್ ಗೆರೆ ಎಳೆದಂತೆ ನೇರವಾಗಿ, ಉದ್ದಕ್ಕೆ ಕಾಣಬೇಕು. ಓರೆಯಾದರೆ, ಮೊಂಡಾದರೆ ನಾಝಲ್ ತೊಳೆಯಬೇಕು. ಸರಿಯಾದ ಅಳತೆಯ ಕ್ಲೀನರ್ ಸೂಜಿಯನ್ನು ನೇರ ಒಳಗೆ ತೂರಿಸಿ ನೇರ ಹೊರಗೆಳೆಯಿರಿ, ತಿರುಗಿಸಬೇಡಿ. ತಂತಿ, ಡ್ರಿಲ್ ಬಿಟ್ ಹಾಕಿದರೆ ತೂತು ಅಗಲವಾಗಿ ನಾಝಲ್ ಅಲ್ಲಿಗೇ ಮುಗಿಯಿತು.

ಮೇಲಿನ ಅಂಚು ಕರಗುವುದಕ್ಕೆ ಕಾರಣ ಕಾಯಿಸುವ ಜ್ವಾಲೆ ಅತಿಯಾಗಿರುವುದು, ಇಲ್ಲವೇ ಕೈ ತೀರ ನಿಧಾನವಾಗಿರುವುದು. ಜ್ವಾಲೆಯ ಒಳಗಿನ ಬಿಳಿ ತುದಿ ಪ್ಲೇಟಿನಿಂದ 3ರಿಂದ 5 ಎಂ.ಎಂ. ಮೇಲಿರಲಿ. ಜ್ವಾಲೆಯನ್ನು ಲಿವರ್ ಒತ್ತಿ ಹಿಡಿದೇ ನ್ಯೂಟ್ರಲ್ (ಗ್ಯಾಸೂ ಆಕ್ಸಿಜನ್ನೂ ಹೆಚ್ಚುಕಡಿಮೆಯಿಲ್ಲದ ಹಾಗೆ) ಮಾಡಿಕೊಳ್ಳಿ, ಏಕೆಂದರೆ ಲಿವರ್ ಒತ್ತಿದಾಗ ಆಕ್ಸಿಜನ್ ಒತ್ತಡ ಕುಸಿದು ಜ್ವಾಲೆ ಬದಲಾಗುತ್ತದೆ. ಲಿವರ್ ಬಿಟ್ಟು ಸರಿಮಾಡಿದ್ದು ಕಟ್ ಮಾಡುವಾಗ ಸರಿಯಿರುವುದಿಲ್ಲ.

ಮುಂದಿನದನ್ನು ಕತ್ತರಿಸಿದ ಮುಖದ ಗೆರೆಗಳೇ ಹೇಳುತ್ತವೆ. ಗೆರೆ ನೆಟ್ಟಗಿದ್ದು ಸ್ಲ್ಯಾಗ್ ಒಂದು ಏಟಿಗೆ ಉದುರಿದರೆ ವೇಗ ಸರಿ. ಗೆರೆ ಕೆಳಗೆ ಹೋಗುತ್ತ ಹಿಂದಕ್ಕೆ ಬಾಗಿದ್ದರೆ ಕೈ ಓಡುತ್ತಿದೆ, ಆಕ್ಸಿಜನ್ ತಳ ಮುಟ್ಟುವ ಮುಂಚೆ ನೀವು ಮುಂದೆ ಹೋಗಿದ್ದೀರಿ. ನಿಧಾನವಾಗಿ ಹೋದರೂ ತಳ ಬಿಡದಿದ್ದರೆ ಆಕ್ಸಿಜನ್ ಸಾಲುತ್ತಿಲ್ಲ: ಸಣ್ಣ ನಾಝಲ್, ಉದ್ದ ಹೋಸಿನಲ್ಲಿ ಒತ್ತಡ ಕಳೆದುಹೋಗುವುದು, ಅಥವಾ ಆಕ್ಸಿಜನ್ನಿನ ಶುದ್ಧತೆ. ಕಟಿಂಗ್‌ಗೆ 99.5 ಶೇಕಡಾ ಬೇಕು, ಅದರಿಂದ ಒಂದು ಶೇಕಡಾ ಇಳಿದರೂ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ.

ಹಡಗಿನ ಪ್ಲೇಟಿಗೆ ಇನ್ನೊಂದು ಮಾತು. ಪದರ ಪದರವಾದ ಬಣ್ಣ, ತುಕ್ಕು ಇದ್ದರೆ ಶಾಖ ಉಕ್ಕಿಗೆ ಇಳಿಯುವುದಿಲ್ಲ. ಗೆರೆಯ ಎರಡೂ ಕಡೆ ಬಣ್ಣ ಕೆರೆದು ತೆಗೆಯಿರಿ. ಹಳೆಯ ಹಡಗಿನ ಬಣ್ಣದಲ್ಲಿ ಸೀಸ ಇರಬಹುದು, ಅದರ ಹೊಗೆ ನೇರ ರಕ್ತಕ್ಕೆ ಹೋಗುವ ವಿಷ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ಲೋಹದ ಹೊಗೆಗೆಂದೇ ಇರುವ ಫಿಲ್ಟರ್ ಮಾಸ್ಕ್ ಬೇಕು. ಇದನ್ನು ಕೆಲಸದವರ ಹಟ ಎಂದು ಮಾಲೀಕರು ತಳ್ಳಿಹಾಕಬಾರದು.

ಪ್ರಶ್ನೆ: ವಾಸ್ಕೋದಲ್ಲಿ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ರಿಪೇರಿ ಮಾಡುವಾಗ ಟಾರ್ಚ್ ಆಗಾಗ 'ಟಪ್' ಎನ್ನುತ್ತದೆ. ಒಮ್ಮೆ ಬೆಂಕಿ ಒಳಗೆ ಹೋಗಿ ಸಿಳ್ಳೆಯ ಹಾಗೆ ಕೂಗಿತು. ಮೊದಲು ಯಾವುದನ್ನು ಮುಚ್ಚಬೇಕು?
(ಓದುಗರು, ಗೋವಾ)

ಉತ್ತರ: ಸಿಳ್ಳೆ ಕೇಳಿದ ಕ್ಷಣವೇ ಟಾರ್ಚಿನ ಆಕ್ಸಿಜನ್ ವಾಲ್ವ್, ಕೂಡಲೇ ಗ್ಯಾಸ್ ವಾಲ್ವ್, ನಂತರ ಎರಡೂ ಸಿಲಿಂಡರ್. ಒಳಗೆ ಉರಿಯುವ ಬೆಂಕಿ ಬದುಕಿರುವುದು ಆಕ್ಸಿಜನ್ನಿನಿಂದ. ಆ ಟಾರ್ಚನ್ನು ತಣ್ಣಗಾದ ಮಾತ್ರಕ್ಕೆ ಮತ್ತೆ ಹೊತ್ತಿಸಬೇಡಿ. ಹೋಸಿನ ಒಳಗೆ ಮಸಿ ಕಟ್ಟಿದ್ದರೆ ಹೋಸು ಬದಲಿಸಿ, ಅರೆಸ್ಟರ್ ಪರೀಕ್ಷಿಸಿ.

'ಟಪ್' ಸದ್ದಿಗೆ ಕಾರಣಗಳು ಸಣ್ಣವು: ನಾಝಲ್ ಪ್ಲೇಟಿಗೆ ತಾಗುವುದು, ಕಿಡಿ ಸಿಡಿದು ತೂತು ಮುಚ್ಚುವುದು, ಗ್ಯಾಸ್ ಒತ್ತಡ ಕಡಿಮೆಯಿರುವುದು, ನಾಝಲ್ ಕಾದು ಕೆಂಪಾಗುವುದು, ತಲೆಯಲ್ಲಿ ಸಡಿಲ ಕೂತಿರುವುದು. ಪ್ಲೇಟಿನ ನಡುವಿಂದ ತೂತು ಹೊಡೆಯುವಾಗ ಇದು ಹೆಚ್ಚು. ಆ ಜಾಗ ಕೆಂಪಾದ ಮೇಲೆ ಟಾರ್ಚನ್ನು ಒಂದೂವರೆ ಸೆಂಟಿಮೀಟರಿನಷ್ಟು ಮೇಲೆತ್ತಿ, ತುಸು ಓರೆ ಮಾಡಿ, ಲಿವರನ್ನು ಮೆಲ್ಲಗೆ ಒತ್ತಿ. ಸಿಡಿಯುವ ಕಿಡಿ ನಾಝಲ್ ಮೇಲೆ ಬೀಳದೆ ಪಕ್ಕಕ್ಕೆ ಹೋಗುತ್ತದೆ. ತಳ ಒಡೆದ ಮೇಲೆ ಕೆಳಗಿಳಿಸಿ.

ಬಾರ್ಜಿನ ಟ್ಯಾಂಕಿನೊಳಗೆ ಇಳಿಯುವ ಮುನ್ನ ಗ್ಯಾಸ್ ಟೆಸ್ಟ್ ಆಗಲೇಬೇಕು. ಊಟಕ್ಕೆ ಮೇಲೆ ಬರುವಾಗ ಟಾರ್ಚ್, ಹೋಸು ಎರಡನ್ನೂ ಹೊರಗೆ ತನ್ನಿ. ಆಕ್ಸಿಜನ್ ಸೋರಿ ತುಂಬಿದ ಟ್ಯಾಂಕಿನಲ್ಲಿ ಬಟ್ಟೆ ಒಂದು ಕಿಡಿಗೆ ಹೊತ್ತಿ ಉರಿಯುತ್ತದೆ. ಸೆಕೆ ಎಂದು ಒಳಗೆ ಆಕ್ಸಿಜನ್ ಬಿಟ್ಟುಕೊಂಡವರು ಸುಟ್ಟುಹೋದದ್ದು ಈ ಕಸುಬಿನಲ್ಲಿ ಹೊಸ ಸಂಗತಿಯಲ್ಲ. ಗಾಳಿಗೆ ಬ್ಲೋವರ್ ಇಡಿ.

ಪ್ರಶ್ನೆ: ಹೋಟೆಲ್ ಅಡುಗೆಮನೆಗೆ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಟೇಬಲ್ ಮಾಡುತ್ತೇವೆ. ಗ್ಯಾಸ್ ಕಟರ್‌ನಲ್ಲಿ 304 ದರ್ಜೆಯ ಎಸ್.ಎಸ್. ಶೀಟು ಕತ್ತರಿಸಬಹುದೇ?
(ಓದುಗರು, ಸಾಕಿನಾಕಾ)

ಉತ್ತರ: ಇಲ್ಲ. ಎಸ್.ಎಸ್.ನಲ್ಲಿರುವ ಕ್ರೋಮಿಯಂ ಸುಟ್ಟು ಆಗುವ ಕ್ರೋಮಿಯಂ ಆಕ್ಸೈಡ್ ಕರಗಲು ಉಕ್ಕಿಗಿಂತ ಹೆಚ್ಚಿನ ಶಾಖ ಬೇಕು. ಅದು ಮೇಲೆ ಪೊರೆ ಕಟ್ಟಿ ಆಕ್ಸಿಜನ್ನನ್ನು ಒಳಗೆ ಬಿಡುವುದಿಲ್ಲ. ಪ್ಲಾಸ್ಮಾ ಕಟರ್ ಇಲ್ಲವೇ ಗ್ರೈಂಡರಿಗೆ ಎಸ್.ಎಸ್. ಕಟಿಂಗ್ ವೀಲ್ ಬಳಸಿ.

ಪ್ರಶ್ನೆ: ಡಿ.ಎ. ಸಿಲಿಂಡರನ್ನು ಟೆಂಪೋದಲ್ಲಿ ಮಲಗಿಸಿ ತಂದರು. ಹಾಗೇ ಜೋಡಿಸಬಹುದೇ?
(ಓದುಗರು, ಠಾಣೆ)

ಉತ್ತರ: ಕೂಡಲೇ ಬೇಡ. ಒಳಗಿನ ರಂಧ್ರಮಯ ತುಂಬುವಸ್ತುವಿನಲ್ಲಿ ಅಸಿಟೋನ್ ಇದೆ, ಗ್ಯಾಸ್ ಅದರಲ್ಲಿ ಕರಗಿರುತ್ತದೆ. ಮಲಗಿದ್ದಾಗ ಅಸಿಟೋನ್ ವಾಲ್ವ್ ಕಡೆ ಹರಿದಿರುತ್ತದೆ, ತೆರೆದರೆ ಗ್ಯಾಸಿನ ಜೊತೆ ಹೊರಬಂದು ರೆಗ್ಯುಲೇಟರ್, ಹೋಸು ಕೆಡಿಸುತ್ತದೆ. ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನೆಟ್ಟಗೆ ನಿಲ್ಲಿಸಿ, ಸರಪಳಿ ಕಟ್ಟಿ, ಆಮೇಲೆ ಬಳಸಿ. ಗಂಟೆಗೆ ಸಿಲಿಂಡರಿನ ಏಳನೇ ಒಂದು ಪಾಲಿಗಿಂತ ಹೆಚ್ಚು ಎಳೆದರೂ ಇದೇ ತೊಂದರೆ. 6 ಘನ ಮೀಟರಿನ ಸಿಲಿಂಡರಿಗೆ ಅದು ಗಂಟೆಗೆ ಸುಮಾರು 0.85 ಘನ ಮೀಟರ್. ವಾಲ್ವನ್ನು ಒಂದು ಸುತ್ತು ತೆರೆದರೆ ಸಾಕು, ಕೀಲಿಯನ್ನು ವಾಲ್ವ್ ಮೇಲೆಯೇ ಬಿಡಿ.