ಹಾಪ್ಕಿಡೊ: ಮಣಿಕಟ್ಟಿನ ಹಿಡಿತ ಬಿಡಿಸಿಕೊಳ್ಳುವ ಬಗೆ

ಪ್ರಶ್ನೆ: ಹಾಪ್ಕಿಡೊ ಮತ್ತು ಐಕಿಡೊ ಒಂದೇ ವಿದ್ಯೆಯೇ?

ಉತ್ತರ: ಎರಡೂ ಹೆಸರುಗಳನ್ನು ಬರೆಯುವ ಮೂರು ಚೀನೀ ಅಕ್ಷರಗಳು ಒಂದೇ, ವಿದ್ಯೆಗಳು ಬೇರೆ: ಹಾಪ್ಕಿಡೊ ಕೊರಿಯಾದ ಸಮರಕಲೆ, ಐಕಿಡೊ ಜಪಾನಿನದು.

ಪ್ರಶ್ನೆ: ಒಂದು ವರ್ಷದಿಂದ ಹಾಪ್ಕಿಡೊ ಕಲಿಯುತ್ತಿದ್ದೇನೆ. ತರಗತಿಯಲ್ಲಿ ಮಣಿಕಟ್ಟನ್ನು ಸಲೀಸಾಗಿ ಬಿಡಿಸಿಕೊಳ್ಳುತ್ತೇನೆ, ಆದರೆ ಮನೆಯಲ್ಲಿ ಅಣ್ಣ ಹಿಡಿದರೆ ಕೈ ಅಲುಗುವುದೇ ಇಲ್ಲ. ತೋಳ್ಬಲ ಹೆಚ್ಚಿಸಿಕೊಳ್ಳಬೇಕೇ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುವುದನ್ನು ಕಂಡಾಗ, ಕಲಿಸುವವರು ಪಟ್ಟನ್ನಷ್ಟೇ ತೋರಿಸಿ ಅದರ ತತ್ತ್ವವನ್ನು ಬಿಟ್ಟುಬಿಡುತ್ತಿದ್ದಾರೆಂದು ನನಗೆ ಬೇಸರವಾಗುತ್ತದೆ. ನಿಮ್ಮ ತೋಳಿನಲ್ಲಿ ಕೊರತೆಯಿಲ್ಲ. ನೀವು ಕೈಯನ್ನು ಹಿಂದಕ್ಕೆ ಎಳೆಯುತ್ತಿದ್ದೀರಿ. ಹಾಗೆ ಎಳೆದಾಗ ಅಣ್ಣನ ಇಡೀ ದೇಹದ ತೂಕದೊಂದಿಗೆ ಸೆಣಸಬೇಕಾಗುತ್ತದೆ. ಯಾವ ಹಿಡಿತವೇ ಆದರೂ ಸಡಿಲವಿರುವುದು ಹೆಬ್ಬೆರಳಿನ ತುದಿ ಉಳಿದ ಬೆರಳುಗಳನ್ನು ಸೇರುವ ಸಂದಿನಲ್ಲಿ. ಮೊದಲು ಐದೂ ಬೆರಳುಗಳನ್ನು ಬಲವಾಗಿ ಅಗಲಿಸಿ, ಮಣಿಕಟ್ಟಿನ ಕಿರಿದಾದ ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟು ನಿಮ್ಮ ಮೊಣಕೈಯನ್ನು ಅಣ್ಣನ ಮೊಣಕೈಯ ಕಡೆಗೆ ಒಯ್ಯಿರಿ. ಆಗ ಮುಂಗೈ ಸನ್ನೆಗೋಲಿನಂತೆ ತಿರುಗಿ ನಿಮ್ಮ ಹೆಗಲಿನತ್ತ ಹೊರಬರುತ್ತದೆ.

ಹಾಪ್ಕಿಡೊದ ಮೂರು ತತ್ತ್ವಗಳೂ ಈ ಒಂದೇ ಚಲನೆಯಲ್ಲಿವೆ: ಎದುರು ಎಳೆಯದೆ ಮುಂದೆ ಸಾಗುವುದು ಹ್ವಾ, ಅಂದರೆ ಸಾಮರಸ್ಯ, ಕೈಯನ್ನು ಸುತ್ತುವುದು ವನ್, ಅಂದರೆ ವೃತ್ತ, ಒಂದು ದಾರಿ ಮುಚ್ಚಿದರೆ ನೀರಿನಂತೆ ಇನ್ನೊಂದಕ್ಕೆ ಹೊರಳುವುದು ಯು. ನಿಮಗೆ ಮೂರನೆಯದನ್ನು ಯಾರೂ ಹೇಳಿಕೊಟ್ಟಂತಿಲ್ಲ. ಏನು ಬರಲಿದೆಯೆಂದು ಮೊದಲೇ ಬಲ್ಲ ಅಣ್ಣ ಬಿಗಿದು ನಿಂತಾಗ ಅದೇ ಪಟ್ಟಿಗೆ ಜೋತುಬೀಳಬಾರದು. ಕಣಕಾಲಿಗೆ ಒಂದು ಒದೆತ ತಾಗಿದರೆ ಗಮನ ಅತ್ತ ಹರಿದು ಬೆರಳುಗಳು ಸಡಿಲವಾಗುತ್ತವೆ, ಮನೆಯಲ್ಲಾದರೆ ಒದೆಯುವಂತೆ ಕಾಲೆತ್ತಿದರೆ ಸಾಕು. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಕೊರಿಯಾಕ್ಕೆ ಮರಳಿ ದೇಗು ನಗರದಲ್ಲಿ ಕಲಿಸಿದ ಚೋಯ್ ಯೋಂಗ್-ಸುಲ್ ಅವರ ವಿದ್ಯೆಯಲ್ಲಿ ಕೀಲು ತಿರುಚುವ, ಕೆಡಹುವ ಪಟ್ಟುಗಳೇ ಪ್ರಧಾನವಾಗಿದ್ದವು; ಅವರ ಶಿಷ್ಯ ಜಿ ಹಾನ್-ಜೆ ಅದಕ್ಕೆ ಹಲವು ಒದೆತಗಳನ್ನು ಸೇರಿಸಿದರು. ಆದ್ದರಿಂದ ಒದೆತವನ್ನು ಬಿಟ್ಟು ಕೈಪಟ್ಟುಗಳನ್ನಷ್ಟೇ ಕಲಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕೀಲು ತಿರುಚುವ ಅಭ್ಯಾಸದಲ್ಲಿ ಜೊತೆಗಾರರು ಸಾಕೆಂದು ತಟ್ಟಿದ ಕ್ಷಣವೇ ಕೈ ಬಿಡಬೇಕು. ಹಾಗೆ ಬಿಡದ ಒಬ್ಬರಿಂದ ನನ್ನ ಬಲ ಮಣಿಕಟ್ಟು ಇಂದಿಗೂ ನೋಯುತ್ತದೆ.

ಪ್ರಶ್ನೆ: ‘ಕಿ’ ಎಂಬ ಪ್ರಾಣಶಕ್ತಿಯಿಂದ ಮುಟ್ಟದೆಯೇ ಎದುರಾಳಿಯನ್ನು ಬೀಳಿಸಬಹುದೇ?

ಉತ್ತರ: ಸಾಧ್ಯವಿಲ್ಲ. ಕಲಿಸುತ್ತೇವೆಂದು ಹಣ ಪಡೆಯುವವರು ವಂಚಕರು. ಅವರ ಮುಂದೆ ಬೀಳುವವರು ಅವರದೇ ಶಿಷ್ಯರು. ಕಿಬ್ಬೊಟ್ಟೆಯಿಂದ ಆಳವಾಗಿ ಉಸಿರಾಡುವ ದಾನ್‌ಜೊನ್ ಅಭ್ಯಾಸವು ನಿಲುವನ್ನು ಸ್ಥಿರಗೊಳಿಸುತ್ತದೆ, ಅಷ್ಟೇ.

ಪ್ರಶ್ನೆ: ಪೆಟ್ಟಾಗದಂತೆ ಬೀಳುವ ಅಭ್ಯಾಸವನ್ನು ವಿಡಿಯೊ ನೋಡಿ ತಾರಸಿಯ ಮೇಲೆ ಮಾಡಬಹುದೇ?

ಉತ್ತರ: ಬೇಡ. ದಪ್ಪ ಹಾಸಿನ ಮೇಲೆ, ನಿಮ್ಮ ಗದ್ದ ಎದೆಗೆ ತಾಗಿದೆಯೇ ಎಂದು ನೋಡುವ ಗುರುಗಳ ಎದುರಿನಲ್ಲಿ ಮಾತ್ರ ಮಾಡಿ.